ಹುಡುಕುವ ಆಟಗಳು ಮತ್ತು ಅತ್ತೆಯ ಲಿಂಗ

ಕಂಪ್ಯೂಟರಿನಲ್ಲಿ ಹುಡುಕುವ ಆಟಗಳೆಂದು ಒಂದು ಜಾತಿ ಇದೆ. ಪರದೆಯ ತುಂಬ ಒಂದು ಕೋಣೆ, ಕೋಣೆಯ ತುಂಬ ಸಾಮಾನು, ಕೆಳಗೆ ಹೆಸರುಗಳ ಸಾಲು. ಬಾಚಣಿಕೆ, ಕಂದೀಲು, ಕತ್ತರಿ, ಕೀಲಿಕೈ. ಒಂದೊಂದನ್ನೇ ಕಂಡುಹಿಡಿದು ಒತ್ತಿದರೆ ಅದು ಮಾಯವಾಗುತ್ತದೆ. ಎಲ್ಲ ಸಿಕ್ಕಿದ ಮೇಲೆ ಬಾಗಿಲು ತೆರೆದು ಕಥೆ ಮುಂದಕ್ಕೆ ಹೋಗುತ್ತದೆ. ಕಥೆಯಲ್ಲಿ ಯಾರೋ ಕಾಣೆಯಾಗಿರುತ್ತಾರೆ ಇಲ್ಲವೇ ಸತ್ತಿರುತ್ತಾರೆ. ಹಳೆಯ ಬಂಗಲೆಯೊಂದಕ್ಕೆ ಒಬ್ಬ ಹೆಣ್ಣುಮಗಳು ಒಂಟಿಯಾಗಿ ಬರುತ್ತಾಳೆ. ಅವಳ ಕಣ್ಣು ನನ್ನ ಕಣ್ಣು, ಅವಳ ಕೈ ನನ್ನ ಕೈ.

ನಾನು ಈ ಹುಚ್ಚಿಗೆ ಬಿದ್ದದ್ದು ಮದುವೆಯಾಗಿ ಗಡಿಯಾಚೆಯ ಮರಾಠಿ ಸೀಮೆಯ ನಿಲಂಗಾಕ್ಕೆ ಬಂದ ಮೇಲೆ. ಮುಂದೆ ಬಟ್ಟೆ ಅಂಗಡಿ, ಹಿಂದೆ ನಮ್ಮ ಮನೆ. ಅಂಗಡಿಗೆಂದು ತಂದ ಕಂಪ್ಯೂಟರು ಮಾವನವರಿಗೆ ಒಗ್ಗಲಿಲ್ಲ. ಗಿರಾಕಿ ಎದುರಿಗೆ ಕೂತಿರುವಾಗ ಇನ್ನೊಂದು ಕಡೆ ಮುಖ ಮಾಡುವುದು ಮರ್ಯಾದೆಯಲ್ಲ ಎಂದು ಅದನ್ನು ಒಳಗೆ ಸಾಗಹಾಕಿದರು. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ, ಜೋಳದ ಚೀಲಗಳ ಮಗ್ಗುಲಿಗೆ ಅದಕ್ಕೊಂದು ಜಾಗವಾಯಿತು. ನನ್ನ ಗಂಡ ಸರಕು ತರಲು ಉದಗೀರಿಗೆ ಹೋದಾಗಲೆಲ್ಲ ಒಂದೊಂದು ಆಟದ ಸಿಡಿ ತರುತ್ತಿದ್ದರು. ಅವೆಲ್ಲ ನಮೂನೆಗೆ ಬಿಟ್ಟ ಆಟಗಳು. ತಾಸು ಹೊತ್ತು ಆಡಿಸಿ ತಾವೇ ಮುಚ್ಚಿಕೊಳ್ಳುತ್ತಿದ್ದವು. ಹೀಗಾಗಿ ಎಷ್ಟೋ ಕೊಲೆಗಳನ್ನು ಯಾರು ಮಾಡಿದರೆಂದು ನನಗೆ ಇವತ್ತಿಗೂ ತಿಳಿಯದು. ಅದರ ಮೇಲೆ ಲೋಡ್‌ಶೆಡ್ಡಿಂಗು. ಕರೆಂಟು ಹೋಗುವ ವೇಳೆ ಹತ್ತಿರ ಬಂದಂತೆ ನನ್ನ ಬೆನ್ನು ಬಿಗಿಯುತ್ತಿತ್ತು. ಬಂಗಲೆಯ ನೆಲಮಾಳಿಗೆಯಲ್ಲಿ ಕೊನೆಯ ಕೀಲಿಕೈ ಹುಡುಕುತ್ತಿರುವಾಗ ಪರದೆ ಕಪ್ಪಾಗಿ, ಅದರಲ್ಲಿ ನನ್ನದೇ ಮುಖ ಕಾಣುತ್ತಿತ್ತು.

ಇಷ್ಟು ವರ್ಷ ಆಡಿದವಳಿಗೆ ಅಭಿಪ್ರಾಯಗಳಿರುವುದು ಸಹಜ. ಒಳ್ಳೆಯ ಆಟದಲ್ಲಿ ವಸ್ತುವನ್ನು ಅಡಗಿಸಿದ್ದರಲ್ಲೂ ಒಂದು ನ್ಯಾಯವಿರುತ್ತದೆ. ಕತ್ತರಿ ಹೊಲಿಗೆಯ ಡಬ್ಬಿಯ ಹಿಂದೆ ಅರ್ಧ ಕಾಣುತ್ತದೆ. ಗುಂಡಿ ಕೋಟಿನ ಮೇಲೆಯೇ ಇರುತ್ತದೆ, ನಾವು ಕೋಟನ್ನು ಕೋಟೆಂದು ನೋಡಿ ಮುಂದೆ ಹೋಗಿರುತ್ತೇವೆ. ಅದು ಸಿಕ್ಕಾಗ ಸಿಟ್ಟು ಬರುವುದಿಲ್ಲ, ನಗು ಬರುತ್ತದೆ. ಕೆಟ್ಟ ಆಟದವರು ಗೋಡೆಯ ಬಣ್ಣದ ಬಾಚಣಿಕೆಯನ್ನು ಗೋಡೆಗೇ ಅಂಟಿಸಿ ಕೈತೊಳೆದುಕೊಳ್ಳುತ್ತಾರೆ. ಅದು ಅಡಗಿಸುವುದಲ್ಲ, ಮೋಸ. ಇಂಗ್ಲಿಷು ನನಗೆ ಅಷ್ಟಕ್ಕಷ್ಟೆ, ಅದೂ ಒಂದು ಕಾಟ. ಬ್ಯಾಟ್ ಹುಡುಕು ಅಂದಾಗ ಕ್ರಿಕೆಟ್ ದಾಂಡಿಗಾಗಿ ಕೋಣೆಯೆಲ್ಲ ಜಾಲಾಡಿದೆ. ಅದು ತೊಲೆಗೆ ಜೋತುಬಿದ್ದ ಬಾವಲಿಯಾಗಿತ್ತು.

ಗಡಿಯಾರ ಓಡಿಸಿ ಹೆದರಿಸುವ ಆಟಗಳನ್ನು ನಾನು ಮುಟ್ಟುವುದಿಲ್ಲ. ಆಟದಲ್ಲೇ ಸಹಾಯ ಕೇಳುವ ಒಂದು ಗುಂಡಿ ಇರುತ್ತದೆ. ಒತ್ತಿದರೆ ವಸ್ತು ಇರುವಲ್ಲಿ ಬೆಳಕು ಮಿನುಗುತ್ತದೆ. ಅದನ್ನು ಒತ್ತುವುದೆಂದರೆ ನನಗೆ ಸೋತಂತೆ. ಕಂಡಕಂಡಲ್ಲಿ ಒತ್ತುತ್ತ ಹೋಗುವವರನ್ನಂತೂ ಆಟಗಾರರೆಂದೇ ಅನ್ನುವುದಿಲ್ಲ. ಕಲ್ಲು ಎಸೆದು ಹಣ್ಣು ಉದುರಿಸಿದಂತೆ ಅದು.

ಇನ್ನೊಂದು ಮಾತು. ಕುಸಿದ ಮನೆಯೊಳಗೆ ಹುಡುಕುವ ಆಟ ಬಂದರೆ ನಾನು ಮುಚ್ಚಿಬಿಡುತ್ತೇನೆ. ನನ್ನ ತವರು ಲೋಹಾರಾ ಕಡೆಯ ಹಳ್ಳಿ. ತೊಂಬತ್ತಮೂರರ ಭೂಕಂಪದ ವರ್ಷ ನಾನಿನ್ನೂ ಸಾಲೆಗೆ ಹೋಗುವ ಹುಡುಗಿ. ಮನೆಯ ಗೋಡೆಗಳೆಲ್ಲ ಕಲ್ಲಿನ ಗುಡ್ಡೆಯಾದ ಮೇಲೆ ಅಪ್ಪ ನನ್ನನ್ನು ಕರೆದುಕೊಂಡು ಹೋಗಿ ಸಾಮಾನು ಆಯಿಸಿದ. ಸಣ್ಣ ಕೈ, ಸಂದಿಯೊಳಗೆ ಹೋಗುತ್ತದೆಂದು. "ಒಮ್ಮೆಲೆ ಎಲ್ಲಾ ಕಡಿ ನೋಡಬ್ಯಾಡ. ಗೇಣಷ್ಟು ಜಾಗಾ ನೋಡು, ಕಲ್ಲ ಹಿಂದಕ್ಕ ಇಡು, ಮತ್ತೊಂದು ಗೇಣು," ಅನ್ನುತ್ತಿದ್ದ. ಹಾಗೆ ಹುಡುಕುವಾಗ ಏನು ಸಿಗಬೇಕೆಂಬುದಕ್ಕಿಂತ ಏನು ಸಿಗಬಾರದೆಂಬ ಹೆದರಿಕೆಯೇ ಹೆಚ್ಚಾಗಿತ್ತು. ಅದನ್ನು ಬಣ್ಣದ ಚಿತ್ರ ಮಾಡಿ ನನ್ನ ಮುಂದೆ ಇಟ್ಟರೆ ನಾನು ಆಡಲಾರೆ.

ನಮ್ಮ ಅತ್ತೆಗೆ ಮೊದಮೊದಲು ಈ ಆಟವೆಂದರೆ ಆಗುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಕೇಳುತ್ತಿದ್ದರು, "ಕಳದಿದ್ದು ಹುಡುಕೂದು ಆಟ ಹ್ಯಾಂಗ ಆಗ್ತದ? ಮನ್ಯಾಗ ದಿನಾ ಅದೇ ಮಾಡ್ತೀವಲ್ಲ." ಆಮೇಲಾಮೇಲೆ ಅಕ್ಕಿ ಆರಿಸುವ ಮೊರ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂರತೊಡಗಿದರು. ನಾನು ಹೆಸರು ಹೇಳಿದರೆ ಒಮ್ಮೊಮ್ಮೆ ನನಗಿಂತ ಮೊದಲೇ ಬೆರಳು ತೋರಿಸುತ್ತಿದ್ದರು. ಅವರಿಗೆ ತಡೆಯಲಾಗದ ಸಂಗತಿ ಒಂದೇ.

"ಈ ಹೆಣ್ಮಗಳು ಯಾರದೋ ಮನ್ಯಾಗ ಹೊಕ್ಕು ಅಲಮಾರಿ ತೆರೀತಾಳಲ್ಲ, ಈಕಿಗಿ ಕೇಳೋರಿಲ್ಲೇನು?"

"ಮನ್ಯಾಗ ಯಾರೂ ಇಲ್ರಿ ಅತ್ತೀ. ಎಲ್ಲಾರೂ ಸತ್ತಾರ."

"ಮತ್ತ ಇಷ್ಟೆಲ್ಲಾ ದೀಪ ಯಾರು ಹಚ್ಯಾರ?"

ಈ ಪ್ರಶ್ನೆಗೆ ಯಾವ ಆಟವೂ ಉತ್ತರ ಕೊಟ್ಟದ್ದನ್ನು ನಾನು ಕಂಡಿಲ್ಲ.

ಒಂದು ಶ್ರಾವಣ ಸೋಮವಾರ ನನ್ನ ಗಂಡ ಸಂತೆಗೆ ಬಟ್ಟೆಯ ಗಂಟು ಕಟ್ಟಿಕೊಂಡು ಔರಾದ ಶಹಾಜನಿಗೆ ಹೋಗಿದ್ದರು. ಮಾವ ಅಂಗಡಿಯಲ್ಲಿದ್ದರು. ಅತ್ತೆ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದರು. ಉಪವಾಸವಾದ್ದರಿಂದ ಏನೂ ತಿನ್ನದೆ ಪಡಸಾಲೆಯಲ್ಲಿ ಕೌದಿ ಹೊಲಿಯುತ್ತ ಕೂತರು. ಅಂಗಡಿಯಲ್ಲಿ ಉಳಿದ ತುಂಡುಬಟ್ಟೆಗಳನ್ನು ಪದರು ಪದರಾಗಿ ಹಾಸಿ ಹೊಲಿಯುವುದು ಅವರ ಇಷ್ಟದ ಕೆಲಸ. ಮಧ್ಯಾಹ್ನ ನಾನು ಸಾಬೂದಾಣಿ ಬಡಿಸಿ ಕರೆದೆ. ತಾಟಿನ ಮುಂದೆ ಕೂತು, ಉಣ್ಣುವ ಮೊದಲು ಲಿಂಗಕ್ಕೆ ಅರ್ಪಿಸಲೆಂದು, ಕೊರಳಲ್ಲಿದ್ದ, ಇಷ್ಟಲಿಂಗವಿಡುವ ಬೆಳ್ಳಿಯ ಕರಡಿಗೆಗೆ ಕೈಹಾಕಿದರು. ಅದರ ಮುಚ್ಚಳ ತೆರೆದೇ ಇತ್ತು.

"ಲಿಂಗ ಇಲ್ಲ," ಅಂದರು.

ದನಿ ಏರಿರಲಿಲ್ಲ. ಕೀಲು ಸಡಿಲಾಗಿದೆ, ಉದಗೀರಿನಲ್ಲಿ ಬಿಗಿ ಮಾಡಿಸಬೇಕೆಂದು ಅವರು ಬಹಳ ದಿನದಿಂದ ಅನ್ನುತ್ತಲೇ ಇದ್ದರು.

"ತಾಟ ತಗಿ. ಸಿಗೋತನಕ ಹನಿ ನೀರ ಬಿ ಬಾಯಾಗ ಹಾಕೂದಿಲ್ಲ."

"ಗುಳಿಗಿ ತಗೊಂಡೀರಿ ಅತ್ತೀ. ಖಾಲಿ ಹೊಟ್ಟಿ ಇರಬಾರ್ದಂತ ಡಾಕ್ಟರ್ ಹೇಳ್ಯಾರ."

"ಡಾಕ್ಟರ್ ನನಗ ಲಿಂಗ ಕಟ್ಟಿಲ್ಲ."

ಹುಡುಕತೊಡಗಿದೆ. ಮೊದಲು ಪೂಜೆಯ ಗೂಡು, ಅದರ ಕೆಳಗಿನ ಚಾಪೆ. ಆಮೇಲೆ ಬಚ್ಚಲು. ಮೋರಿಯ ಬಾಯಿಗೆ ಕೈಹಾಕಿ ಕೆಸರೆಲ್ಲ ಎತ್ತಿ ನೋಡಿದೆ. ಅಡುಗೆಮನೆ, ಹಿಟ್ಟಿನ ಡಬ್ಬಿಗಳ ಹಿಂದೆ, ಕೊಡಗಳ ನಡುವೆ. ಪಡಸಾಲೆಯಲ್ಲಿ ಕೌದಿಯನ್ನು ಎತ್ತಿ ಝಾಡಿಸಿದೆ, ಕೆಳಗೆ ಬರೀ ದಾರದ ತುಂಡು, ಸೂಜಿ. ಇಷ್ಟು ಆಟ ಆಡಿದವಳು ನಾನು, ನನ್ನ ಕಣ್ಣು ಚುರುಕಾಗಿರಬೇಕಿತ್ತು. ಆದರೆ ಆಟದಲ್ಲಿ ಕೇಳಿದ ವಸ್ತು ಆ ಕೋಣೆಯಲ್ಲಿ ಇದ್ದೇ ಇರುತ್ತದೆ. ಆ ಭರವಸೆಯ ಮೇಲೆಯೇ ಮನಸ್ಸು ತಣ್ಣಗೆ ಕೂತು ನೋಡಬಲ್ಲದು. ಇಲ್ಲಿ ನನಗೆ ಅದನ್ನು ಹೇಳುವವರು ಯಾರೂ ಇರಲಿಲ್ಲ. ಮೋರಿಯಲ್ಲಿ ಹರಿದು ಹೋಗಿದ್ದರೆ? ಕಸದ ಜೊತೆ ಬೀದಿಗೆ ಬಿದ್ದಿದ್ದರೆ? ಒಂದು ಕಡೆ ನೋಡುತ್ತಿದ್ದರೆ ಇನ್ನೊಂದು ಕಡೆ ನೋಡಿಲ್ಲವೆಂಬ ದಿಗಿಲು. ನೋಡಿದ ಜಾಗವನ್ನೇ ಮತ್ತೆ ಮತ್ತೆ ನೋಡುತ್ತಿದ್ದೆ.

"ಮುಂಜಾನಿಂದ ಎಲ್ಲೆಲ್ಲಿ ಹೋಗಿದ್ರಿ, ನೆನಪ ಮಾಡ್ಕೊಳ್ರಿ," ಅಂದೆ.

"ಮ್ಯಾಲ ಹೋಗಿದ್ದೆ. ಉದ್ದು ಒಣಗಾಕಿದ್ದೆ."

ಮಾಳಿಗೆಯ ಮೇಲೆ ಹಳೆಯ ಧೋತರ ಹಾಸಿ ಉದ್ದು ಹರವಿದ್ದರು. ಲಿಂಗವೆಂದರೆ ನೇರಳೆಹಣ್ಣಿನಷ್ಟು ಗಾತ್ರದ, ಕಪ್ಪಗೆ ಮಿರುಗುವ ವಸ್ತು. ಕೆಳಗೆ ಕಪ್ಪು ಕಾಳಿನ ರಾಶಿ. ಮೋಡ ಸರಿದು ಬಿಸಿಲು ಸುಡುತ್ತಿತ್ತು. ಅಪ್ಪ ಕಲಿಸಿದಂತೆ ಗೇಣು ಗೇಣಾಗಿ ಬೆರಳಾಡಿಸಿ ಸರಿಸುತ್ತ ಹೋದೆ. ಏನೋ ಗಟ್ಟಿಯಾದದ್ದು ಬೆರಳಿಗೆ ತಾಗಿತು. ತೆಗೆದು ನೋಡಿದರೆ ಬರೀ ಹೊಲದ ಹೆಂಟೆ. ರಾಶಿಯೆಲ್ಲ ಮುಗಿಯಿತು, ಇರಲಿಲ್ಲ.

ಕೆಳಗೆ ಬಂದಾಗ ಮಾವ ಅಂಗಡಿ ಮುಚ್ಚಿ ಒಳಗೆ ಬಂದಿದ್ದರು.

"ಸ್ವಾಮಿಗಳಿಗಿ ಕರಸ್ತೀನಿ," ಅನ್ನುತ್ತಿದ್ದರು. "ಬ್ಯಾರೆ ಲಿಂಗ ಕಟ್ತಾರ. ಕಳಕೊಂಡಾಕಿ ನೀ ಒಬ್ಬಾಕಿನೇ ಅಲ್ಲ."

"ಹುಡುಕದೇ ಬ್ಯಾರೇದ್ ಕಟ್ಕೊಳ್ಲೇನು? ಮೊದಲ ಹುಡುಕ್ರಿ."

ಮಾವ ಮಠಕ್ಕೆ ಫೋನು ಮಾಡಿದರು. ಸ್ವಾಮಿಗಳು ಬೀದರ ಕಡೆ ಹೋಗಿದ್ದಾರೆ, ನಾಳೆಯೇ ಬರುವುದು ಎಂದರು ಅಲ್ಲಿಯವರು. ಅಷ್ಟರಲ್ಲಿ ಅತ್ತೆಯ ಹಣೆಯ ಮೇಲೆ ಬೆವರು ಸಾಲುಗಟ್ಟಿರುವುದು ಕಂಡಿತು. ಫ್ಯಾನಿನ ಕೆಳಗೇ ಕೂತಿದ್ದರು. ಸೆರಗಿನಿಂದ ಒರೆಸಿಕೊಳ್ಳಲು ಹೋದ ಕೈ ನಡುಗಿ ಬೇರೆ ಕಡೆ ಹೋಯಿತು.

"ಮಾವಾರ, ಡಾಕ್ಟರಿಗಿ ಕರಕೊಂಡ್ ಬರ್ರಿ. ಜಲ್ದಿ ಹೋಗ್ರಿ," ಅಂದೆ. ನಾನು ಅವರಿಗೆ ಹಾಗೆ ಅಪ್ಪಣೆ ಮಾಡಿದಂತೆ ಮಾತಾಡಿದ್ದು ಅದೇ ಮೊದಲು. ಅವರು ಚಪ್ಪಲಿ ಮೆಟ್ಟದೆ ಹೋದರು.

ಸಕ್ಕರೆ ನೀರು ಕಲಸಿ ತಂದೆ. "ಅತ್ತೀ, ಒಂದ್ ಗುಟುಕ ಕುಡೀರಿ. ಲಿಂಗ ಹುಡುಕೂದು ಬಿಡೂದಿಲ್ಲ ನಾ." ಅವರು ತುಟಿ ಬಿಗಿ ಹಿಡಿದು ಮುಖ ತಿರುಗಿಸಿದರು. ಬಟ್ಟಲು ಕೆಳಗಿಟ್ಟು ಮತ್ತೆ ಹುಡುಕಿದೆ. ಕಪಾಟಿನ ಕೆಳಗೆ ಬೋರಲಾಗಿ ಮಲಗಿ ನೋಡಿದೆ. ಚಪ್ಪಲಿಗಳನ್ನೆಲ್ಲ ತಿರುವಿ ಹಾಕಿದೆ. ಹಿಂದಿನಿಂದ ಅವರು ಏನೋ ಗೊಣಗಿದ್ದು ಕೇಳಿ ತಿರುಗಿದರೆ, ಕಣ್ಣು ನನ್ನ ಮೇಲಿದ್ದರೂ ನನ್ನನ್ನು ನೋಡುತ್ತಿರಲಿಲ್ಲ. ನಾಲಗೆ ತೊದಲುತ್ತಿತ್ತು.

"ಅತ್ತೀ, ಸಕ್ರಿ ಹಾಕ್ಲೇನ್ರಿ?" ಕೇಳಿದೆ. ಉತ್ತರ ಬರಲಿಲ್ಲ. ಭುಜ ಹಿಡಿದು ಇನ್ನೊಮ್ಮೆ ಕೇಳಿದೆ. ತಲೆ ಒಂದು ಕಡೆಗೆ ವಾಲಿತು.

ಅವರ ವ್ರತ ಅವರದು, ಅದು ನನಗೆ ಗೊತ್ತಿತ್ತು. ನನ್ನ ಕೊರಳಲ್ಲೂ ಲಿಂಗವಿದೆ. ಅದು ಕಳೆದರೆ ನಾನೂ ಅನ್ನ ಮುಟ್ಟುತ್ತಿರಲಿಲ್ಲವೇನೋ. ಆದರೂ ಎದ್ದುಹೋಗಿ ಸಕ್ಕರೆ ಡಬ್ಬಿ ತಂದೆ. ನೀರು ಹಾಕಿದರೆ ಗಂಟಲಿಗೆ ಸಿಕ್ಕೀತೆಂದು, ಒದ್ದೆ ಬೆರಳಿಗೆ ಸಕ್ಕರೆ ಹಚ್ಚಿಕೊಂಡು ಅವರ ಕೆನ್ನೆಯ ಒಳಗೆ, ಒಸಡಿನ ಮೇಲೆ ತಿಕ್ಕಿದೆ. ಮತ್ತೆ ಹಚ್ಚಿದೆ, ಮತ್ತೆ ತಿಕ್ಕಿದೆ. ಅವರು ಬೆರಳನ್ನು ಮೆಲ್ಲಗೆ ಕಚ್ಚಿದರು. ಬೆರಳು ಹಲ್ಲಿನ ನಡುವೆ ಇರುವಾಗಲೇ ಯಾರನ್ನೋ ಹೆಸರು ಹಿಡಿದು ಕರೆದರು. ಅದು ನನ್ನ ಹೆಸರಲ್ಲ, ನಮ್ಮ ಮನೆಯ ಯಾರ ಹೆಸರೂ ಅಲ್ಲ.

ಕೂತಲ್ಲಿಂದ ಬೀಳದ ಹಾಗೆ ಮಲಗಿಸೋಣವೆಂದು ಪಕ್ಕದಲ್ಲಿದ್ದ ಕೌದಿಯನ್ನು ಒಂದು ಕೈಯಿಂದ ಎಳೆದು ಹಾಸಿ, ಮಗ್ಗುಲಾಗಿ ಮಲಗಿಸಿದೆ. ಅವರ ತಲೆಯ ಕೆಳಗಿನ ಮಡಿಕೆ ಸರಿಪಡಿಸಲು ಹೋದಾಗ ನನ್ನ ಅಂಗೈಗೆ ಗಟ್ಟಿಯಾದದ್ದೊಂದು ಒತ್ತಿತು.

ಎರಡು ಪದರುಗಳ ನಡುವೆ ಇತ್ತು. ಹೊಲಿಯುತ್ತ ಬಗ್ಗಿದಾಗ ಕರಡಿಗೆಯಿಂದ ಜಾರಿ, ಇನ್ನೂ ಹೊಲಿಯದ ಅಂಚಿನೊಳಗೆ ಬಿದ್ದಿದೆ. ಅವರು ನೋಡದೆ ಅದನ್ನು ದಾಟಿ ಹೊಲಿದುಕೊಂಡು ಹೋಗಿದ್ದಾರೆ. ಅದಕ್ಕೇ ಝಾಡಿಸಿದರೂ ಬೀಳಲಿಲ್ಲ. ಕತ್ತರಿ ಹುಡುಕುವ ತಾಳ್ಮೆ ಇರಲಿಲ್ಲ, ಹಲ್ಲಿನಿಂದ ದಾರ ಕಡಿದೆ. ಬೇರೆಯವರ ಲಿಂಗವನ್ನು ನಾನು ಮುಟ್ಟಬಾರದೆಂದು ಸೆರಗಿನ ತುದಿಯಿಂದ ಹಿಡಿದು ಅವರ ಎಡ ಅಂಗೈಯಲ್ಲಿಟ್ಟೆ. ಬೆರಳು ಮಡಚಿಸಿ, ಮೇಲೆ ನನ್ನ ಕೈ ಒತ್ತಿ ಹಿಡಿದೆ.

ಡಾಕ್ಟರು ಮಾವನವರ ಹಿಂದೆಯೇ ಬಂದರು. ಸೂಜಿ ಚುಚ್ಚಿ ರಕ್ತ ನೋಡಿದರು, ಸಕ್ಕರೆಯ ಡಬ್ಬಿ ನೋಡಿದರು, "ಬರಂ ಕೇಲಂತ" ಎಂದು ಮರಾಠಿಯಲ್ಲಿ ಅಂದರು. ಒಳ್ಳೆಯದು ಮಾಡಿದಿರಿ ಎಂದು. ಗ್ಲೂಕೋಸಿನ ಬಾಟಲಿಯನ್ನು ಮಾವ ಎತ್ತಿ ಹಿಡಿದು ನಿಂತರು. ಮೆಲ್ಲಗೆ ಅತ್ತೆಯ ಕಣ್ಣಿಗೆ ಗುರುತು ಮರಳಿತು. ಕೈ ಬಿಚ್ಚಿ ಲಿಂಗ ನೋಡಿದರು, ಎರಡೂ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ನಾಲಗೆಯನ್ನು ತುಟಿಯ ಮೇಲೆ ಆಡಿಸಿದರು.

"ನನ್ನ ಬಾಯಿ ಸಿಹಿ ಯಾಕ ಆಗ್ಯದ?"

"ಸಕ್ರಿ ಹಾಕೀನ್ರಿ," ಅಂದೆ.

"ಲಿಂಗ ಸಿಕ್ಕ ಮ್ಯಾಲ ಹಾಕಿದೇನು, ಮೊದಲೇನು?"

ಮಾವ ಬಾಟಲಿ ಹಿಡಿದಲ್ಲಿಂದಲೇ ನನಗೆ ಕಣ್ಸನ್ನೆ ಮಾಡಿದರು. ಸಿಕ್ಕ ಮೇಲೆ ಅನ್ನು ಎಂದು. ಸುಳ್ಳು ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಲಿಂಗ ಅವರ ಕೈಯಲ್ಲಿತ್ತು, ನನಗೆ ಆ ಮಾತು ಬಾಯಿಗೆ ಬರಲಿಲ್ಲ.

"ಮೊದಲ," ಅಂದೆ.

"ಥೋಡೆ ತಡದಿದ್ರ ಆಗ್ತಿತ್ತು," ಅಂದು ಅವರು ಗೋಡೆಯ ಕಡೆಗೆ ಹೊರಳಿದರು.

ಆಮೇಲೆ ನನ್ನೊಡನೆ ಮಾತು ಬಿಟ್ಟರು. ಮರುದಿನ ಸ್ವಾಮಿಗಳು ಬಂದು, ಎಚ್ಚರ ಇಲ್ಲದವರ ಬಾಯಿಗೆ ಬೇರೆಯವರು ಹಾಕಿದ್ದು ಅವರ ಮೇಲೆ ಬರುವುದಿಲ್ಲ, ಜೀವ ಇದ್ದರೆ ತಾನೇ ಪೂಜೆ ಎಂದು ಸಮಾಧಾನ ಹೇಳಿದರು. ಅತ್ತೆ ಅವರ ಪಾದಕ್ಕೆ ನಮಸ್ಕರಿಸಿ, ಪೂಜೆ ಮಾಡಿ, ಉಂಡರು. ಆದರೆ ನಾನು ಬಡಿಸಿದರೆ ಸಾಕೆಂದು ಕೈ ಅಡ್ಡ ಹಿಡಿಯುವರು, ಬಾಯಿ ತೆರೆಯುವುದಿಲ್ಲ. ಶ್ರಾವಣ ಕಳೆದು ಗಣಪತಿ ಬಂದರೂ ಮನೆಯಲ್ಲಿ ನಮ್ಮಿಬ್ಬರ ನಡುವೆ ಅದೇ ಬಿಗಿ. ನನ್ನ ಗಂಡ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ತಿಳಿಹೇಳಲು ಹೋಗಿ, ಇಬ್ಬರಿಂದಲೂ ಬೈಸಿಕೊಂಡರು.

ಆ ದಿನಗಳಲ್ಲಿ ನಾನು ಆಟ ಆಡಿದೆ. ಬಿಡಬೇಕೆನಿಸಲಿಲ್ಲ. ಅದೆಲ್ಲ ನಡೆದ ಮೇಲೆ ಆಟದ ರುಚಿ ಹೋಗಿರಬೇಕಲ್ಲ ಎಂದು ಆಮೇಲೆ ಒಬ್ಬಿಬ್ಬರು ಕೇಳಿದ್ದುಂಟು. ಇಲ್ಲ. ಅಂಥ ಹೊತ್ತಿನಲ್ಲಿಯೇ ಅದು ಬೇಕಾಗುತ್ತದೆ ಎಂಬುದು ನನ್ನ ಅನುಭವ. ಆದರೆ ಒಂದು ಅಭಿಪ್ರಾಯ ಗಟ್ಟಿಯಾಯಿತು. ಈ ಆಟ ಬರೆಯುವವರು ವಸ್ತು ಸಿಕ್ಕಲ್ಲಿಗೆ ಕಥೆ ಮುಗಿಸುತ್ತಾರೆ. ಕಾಣೆಯಾದವಳು ಸಿಗುತ್ತಾಳೆ, ಸಂಗೀತ ಬರುತ್ತದೆ, ಮುಗಿಯಿತು. ಸಿಕ್ಕ ಮರುದಿನ ಆ ಮನೆಯಲ್ಲಿ ಯಾರು ಯಾರೊಡನೆ ಮಾತಾಡಿದರು, ಯಾರು ಆಡಲಿಲ್ಲ ಎಂದು ಒಂದು ಆಟವೂ ತೋರಿಸುವುದಿಲ್ಲ. ಪಕ್ಕದಲ್ಲಿ ಮೊರ ಹಿಡಿದು ಕೂರುವವರಿಲ್ಲದೆ ನಾನು ಮೊದಲಿಗಿಂತ ನಿಧಾನವಾಗಿ ಹುಡುಕುತ್ತಿದ್ದೆ ಎನ್ನುವುದೂ ನಿಜ.

ಗಣಪತಿ ಮುಗಿದ ಮೇಲೆ ಒಂದು ಬೆಳಿಗ್ಗೆ ಅತ್ತೆ ಮಾವನಿಗೆ ಹೇಳುವುದು ಕೇಳಿಸಿತು. "ಕರಡಿಗಿ ಬಿಗಿ ಮಾಡ್ಸಕ್ಕ ಉದಗೀರಿಗಿ ಹೋಗಬೇಕು. ಆಕಿಗಿ ಬಾ ಅನ್ರಿ."

ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತರು. ಹೊಲಗಳಲ್ಲಿ ಸೋಯಾಬೀನು ಹಳದಿ ತಿರುಗಿತ್ತು. ಬಹಳ ದೂರ ಹೋದ ಮೇಲೆ ಹೊರಗೆ ನೋಡುತ್ತಲೇ ಕೇಳಿದರು.

"ನಾ ಸಾಯ್ತೀನಂತ ನಿನಗ ಖರೇನ ಅನಿಸಿತ್ತೇನು?"

"ಹೌದ್ರಿ."

"ನನಗ ಕೇಳ್ಬೇಕಾಗಿತ್ತು."

"ಕೇಳೀನ್ರಿ. ಎರಡ್ ಸಲ ಕೇಳೀನಿ. ನಿಮಗ ತಿಳೀಲಿಲ್ಲ. ಯಾರದೋ ಹೆಸರ ಹಿಡ್ದು ಕರೀಲತ್ತಿದ್ರಿ."

ಅವರು ಈಗ ನನ್ನ ಕಡೆ ತಿರುಗಿದರು. "ಯಾರ ಹೆಸರು?"

ಹೇಳಿದೆ. ಅವರು ಮುಂದಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ನಮ್ಮ ಅಕ್ಕ," ಅಂದರು. "ಭೂಕಂಪದಾಗ ಹೋದ್ಲು. ನಿಮ್ಮ ಊರ ಕಡೀನೇ ಕೊಟ್ಟಿದ್ರು."

ಅವರಿಗೊಬ್ಬಳು ಅಕ್ಕ ಇದ್ದಳೆಂಬುದೇ ನನಗೆ ಗೊತ್ತಿರಲಿಲ್ಲ. ತವರು ಉಮರ್ಗಾ ಕಡೆ, ಅಣ್ಣಂದಿರಿದ್ದಾರೆ ಎಂದಷ್ಟೇ ತಿಳಿದಿತ್ತು. ಭೂಕಂಪದ ಸುದ್ದಿ ಕೇಳಿ ಅತ್ತೆ ಅಣ್ಣಂದಿರ ಜೊತೆ ಟ್ರಕ್ಕಿನಲ್ಲಿ ಅಲ್ಲಿಗೆ ಹೋದರಂತೆ. ಅಕ್ಕನ ಮನೆ ಯಾವುದೆಂದು ಗುರುತು ಹತ್ತಲಿಲ್ಲ. ಅಷ್ಟರಲ್ಲಿ ಸಿಪಾಯಿಗಳು ಸತ್ತವರಿಗೆಲ್ಲ ಒಟ್ಟಿಗೆ ಬೆಂಕಿ ಕೊಟ್ಟಾಗಿತ್ತು. ನಮ್ಮಲ್ಲಿ ಮಣ್ಣು ಕೊಡುವುದು ವಾಡಿಕೆ, ಕೈಯಲ್ಲಿ ಲಿಂಗವಿಟ್ಟು. ಅಕ್ಕನಿಗೆ ಅದೂ ಆಗಲಿಲ್ಲ.

"ಮಾರಿ ನೋಡಲಿಕ್ಕ ಸಿಗಲಿಲ್ಲ ನನಗ," ಅಂದರು. "ಸಣ್ಣಾಕಿದ್ದಾಗ ನಾ ಔಷಧ ಕುಡೀತಿದ್ದಿಲ್ಲ. ಆಕಿ ಬೆಲ್ಲದಾಗ ಕಲಸಿ, ಬೆರಳೀಲೆ ಬಾಯಾಗ ತಿಕ್ತಿದ್ಲು. ಕಚ್ಚಿದ್ರೂ ಬಿಡ್ತಿದ್ದಿಲ್ಲ."

ನನ್ನ ಕೈ ಮಡಿಲಲ್ಲಿತ್ತು. ಅವರು ಅದನ್ನು ತಿರುವಿ ಬೆರಳು ನೋಡಿದರು. ಅಲ್ಲಿ ಗಾಯವೇನೂ ಇರಲಿಲ್ಲ, ಅವರು ಕಚ್ಚಿದ್ದು ಅಷ್ಟು ಜೋರಾಗಿರಲಿಲ್ಲ.

ಉದಗೀರಿನ ಬೆಳ್ಳಿ ಅಂಗಡಿಯಲ್ಲಿ ಕರಡಿಗೆ ಬಿಚ್ಚಿಕೊಟ್ಟು, ಲಿಂಗವನ್ನು ಎಡಗೈಯ ಮುಷ್ಟಿಯಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತರು. ಅಂಗಡಿಯವನು ಸಣ್ಣ ಸುತ್ತಿಗೆಯಿಂದ ಕೀಲು ಬಡಿಯುತ್ತಿದ್ದ. ಆ ಸದ್ದಿನ ನಡುವೆ ಅತ್ತೆ ಹೇಳುತ್ತಲೇ ಹೋದರು. ಅಕ್ಕ ಹೇಗೆ ನಗುತ್ತಿದ್ದಳು, ರೊಟ್ಟಿ ಎಷ್ಟು ತೆಳ್ಳಗೆ ಬಡಿಯುತ್ತಿದ್ದಳು, ಮದುವೆಯಾಗಿ ಬಂಡಿ ಹತ್ತುವಾಗ ಹೇಗೆ ಅಳಲಿಲ್ಲ ಎಂದು. ಕೆಲಸ ಮುಗಿಸಿ ಅಂಗಡಿಯವನು ಕರಡಿಗೆ ಚಾಚಿ ಹಿಡಿದರೂ ಅವರು ನೋಡಲಿಲ್ಲ. ನಾನೇ ಕೈಚಾಚಿ ಅದನ್ನು ಇಸಿದುಕೊಂಡೆ.